ಹೊಸ್ತಿಲಿನಾಚೆ ಅರ್ಧ ಗಂಟೆ

ನಿಮ್ಮ ಮನೆಯಲ್ಲಿ ಎಷ್ಟು ಜನರಿದ್ದೀರಿ? ಅವರಲ್ಲಿ ದಿನಕ್ಕೆ ಅರ್ಧ ಗಂಟೆ, ಬೇರೆ ಯಾವ ಕೆಲಸಕ್ಕೂ ಅಲ್ಲದೆ ಬರೀ ನಡೆಯುವುದಕ್ಕೆಂದೇ ಹೊರಗೆ ಹೋಗುವವರು ಎಷ್ಟು ಮಂದಿ? ಅವರಲ್ಲಿ ಹೆಂಗಸರು ಎಷ್ಟು?

ಮೂರನೆಯ ಪ್ರಶ್ನೆಗೆ ನಾನು ಬಲ್ಲ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಸೊನ್ನೆ. ದಾಂಡೇಲಿ ಇರಲಿ, ಹಳಿಯಾಳ ಇರಲಿ, ಮುಂಡಗೋಡ ಇರಲಿ, ಉತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬೆಂಗಳೂರಿನವರು, ಗೋವಾದವರು ರಜೆ ಹಾಕಿ, ಸಾವಿರಾರು ರೂಪಾಯಿ ಕೊಟ್ಟು ನಮ್ಮ ಕಾಡಿಗೆ ನಡೆಯಲು ಬರುತ್ತಾರೆ. ಮಂಗಟ್ಟೆ ಹಕ್ಕಿ ನೋಡಬೇಕೆಂದು ನಸುಕಿನಲ್ಲಿ ಎದ್ದು ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತ ನಿಲ್ಲುತ್ತಾರೆ. ದಾಂಡೇಲಿಗೆ ಹತ್ತಿರದ ಒಂದು ಊರಿಗೆ ಹೆಸರೇ ಕೋಗಿಲಬನ. ಕೋಗಿಲೆಯ ಬನದ ಪಕ್ಕದಲ್ಲಿದ್ದುಕೊಂಡು ಕೋಗಿಲೆಯ ದನಿಯನ್ನು ಅಡುಗೆಮನೆಯ ಕಿಟಕಿಯಿಂದಷ್ಟೇ ಕೇಳುವ ಸಹೋದರಿಯರು ನಮ್ಮಲ್ಲಿ ಬಹಳ ಇದ್ದಾರೆ. ಈ ಬರಹ ಮೊದಲು ಅವರಿಗೆ, ಆಮೇಲೆ ಅವರ ಮನೆಯ ಗಂಡಸರಿಗೆ.

ನಡಿಗೆಯ ಮಾತೆತ್ತಿದ ಕೂಡಲೇ ಬರುವ ಮೊದಲ ಉತ್ತರ ನನಗೆ ಗೊತ್ತು. "ನಮಗೇಕೆ ವಾಕಿಂಗು? ಫಜ್ರ್‌ಗೆ ಎದ್ದವರು ಇಶಾ ಮುಗಿದು ಪಾತ್ರೆ ತೊಳೆಯುವವರೆಗೆ ಕಾಲ ಮೇಲೆಯೇ ಇರುತ್ತೇವಲ್ಲ!" ಮಾತು ಸುಳ್ಳಲ್ಲ. ಆದರೆ ಕಾಲ ಮೇಲೆ ಇರುವುದು ಬೇರೆ, ನಡೆಯುವುದು ಬೇರೆ. ಒಲೆಯ ಮುಂದೆ ಒಂದು ಗಂಟೆ ನಿಂತರೆ ಸೊಂಟ ನೋಯುತ್ತದೆ, ಪಾದ ಊದುತ್ತದೆ. ಎದೆಯ ಬಡಿತ ಮಾತ್ರ ಏರುವುದಿಲ್ಲ, ಉಸಿರು ಆಳವಾಗುವುದಿಲ್ಲ. ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುವ ಪಂಪಿನಂತೆ ಕೆಲಸ ಮಾಡುವುದು ಹೆಜ್ಜೆ ಹಾಕಿದಾಗ, ನಿಂತಾಗ ಅಲ್ಲ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಹಿತ್ತಿಲಿಗೆ ನೂರು ಸಲ ಓಡಾಡಿದರೂ ಅದು ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಓಡಾಟ. ದೇಹಕ್ಕೆ ಬೇಕಾದದ್ದು ಎಡೆಬಿಡದ, ಸ್ವಲ್ಪ ಬಿರುಸಾದ ನಡಿಗೆ. ಜೊತೆಗಿರುವವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿರುಸಿಗೆ ಅಷ್ಟೇ ಅಳತೆ ಸಾಕು.

ಇನ್ನೊಂದು ಸಂಗತಿಯೂ ಇದೆ. ಮನೆಗೆಲಸದಲ್ಲಿ ಕೈಕಾಲು ಆಡುತ್ತಿರುವಾಗ ತಲೆ ಬಿಡುವಾಗಿರುವುದಿಲ್ಲ. ಹಾಲು ಉಕ್ಕೀತೆ, ಮಗು ಬಿದ್ದೀತೆ, ಅತ್ತೆಯ ಮಾತ್ರೆಯ ಹೊತ್ತಾಯಿತೆ ಎಂದು ಅದು ಹತ್ತು ಕಡೆ ಕಾವಲು ಕಾಯುತ್ತಿರುತ್ತದೆ. ಹೊಸ್ತಿಲು ದಾಟಿ ನಡೆಯುವಾಗ ಮಾತ್ರ ಆ ಕಾವಲಿಗೆ ರಜೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಲೆಕ್ಕವನ್ನೂ ನೋಡೋಣ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಇದು ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. ದಿನವಿಡೀ ದುಡಿದು ದಣಿಯುವ ಹೆಂಗಸರೇ ಈ ಪಟ್ಟಿಯಲ್ಲಿ ಮುಂದಿದ್ದಾರೆ ಎಂಬುದನ್ನು ಗಮನಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಂತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ ಎಂದು ಅದು ಹೇಳಿತು. ನಮ್ಮ ದಸ್ತರ್‌ಖಾನಿನ ಸುತ್ತ ಕೂತವರನ್ನು ಎಣಿಸಿದರೆ ಈ ಅಂಕಿ ನಂಬಲು ಕಷ್ಟವಾಗುವುದಿಲ್ಲ. ನಲವತ್ತು ದಾಟಿದವರಲ್ಲಿ ಒಬ್ಬರಾದರೂ "ನನಗೆ ಶೀರ್ ಖುರ್ಮಾ ಸ್ವಲ್ಪವೇ ಸಾಕು" ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಬಿರುಸಿನ ಚಟುವಟಿಕೆ. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ನಡೆದರೆ ಕನಿಷ್ಠ ಮಟ್ಟ ಮುಟ್ಟಿದಂತೆ. ಮೊಬೈಲು ಹೇಳುವ ಹತ್ತು ಸಾವಿರ ಹೆಜ್ಜೆಗಳಿಗೆ ಹೆದರಿ ಕೂರಬೇಡಿ. ಆ ಸಂಖ್ಯೆ ವೈದ್ಯರು ಹೇಳಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂಬ ಅರ್ಥದ ಹೆಸರಿಟ್ಟಿದ್ದರು. ಹೆಸರು ಜಗತ್ತಿಗೆಲ್ಲ ಹರಡಿ ನಿಯಮವಾಗಿಬಿಟ್ಟಿತು. ಸರಾಸರಿ 72 ವರ್ಷ ವಯಸ್ಸಿನ ಸುಮಾರು 16,700 ಮಹಿಳೆಯರನ್ನು ಗಮನಿಸಿದ ಹಾರ್ವರ್ಡಿನ ಸಂಶೋಧಕರು 2019ರಲ್ಲಿ ಹೇಳಿದ್ದು ಬೇರೆಯೇ. ದಿನಕ್ಕೆ 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆ ಇತ್ತು, 7,500ರ ಹತ್ತಿರ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ನಾನಿಯನ್ನೋ ದಾದಿಯನ್ನೋ ಕೈಹಿಡಿದು ಬೀದಿಯ ತುದಿಯವರೆಗೆ ಕರೆದುಕೊಂಡು ಹೋಗಿ ಬಂದರೂ ಅದು ಲೆಕ್ಕಕ್ಕೆ ಬರುತ್ತದೆ.

ನಡಿಗೆಯ ಗುಣವನ್ನು ಮೊದಲು ಗಟ್ಟಿಯಾಗಿ ತೋರಿಸಿಕೊಟ್ಟದ್ದು ಬಸ್ಸು. 1953ರಲ್ಲಿ ಜೆರ್ರಿ ಮೋರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಹೃದಯದ ಲೆಕ್ಕ ಪ್ರಕಟಿಸಿದರು. ದಿನವಿಡೀ ಕೂತೇ ಇರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಒಂದೇ ಬಸ್ಸು, ಒಂದೇ ಊರು, ಒಂದೇ ಹೊಗೆ. ಮುಖ್ಯ ವ್ಯತ್ಯಾಸ ಕಾಲಿನದು.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ನಡೆಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಅದಕ್ಕೆ ಇನ್ಸುಲಿನ್ನಿನ ನೆರವು ಅಷ್ಟಾಗಿ ಬೇಡ. ಹಾಗಾಗಿ ಊಟವಾದ ಮೇಲಿನ ನಡಿಗೆಗೆ ವಿಶೇಷ ಬೆಲೆ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ವಯಸ್ಸಾದವರ ಮೇಲೆ ಒಂದು ಪರೀಕ್ಷೆ ಮಾಡಿದರು. ಹತ್ತೇ ಜನರ ಸಣ್ಣ ಪರೀಕ್ಷೆ, ಆದರೂ ಫಲಿತಾಂಶ ಉಪಯುಕ್ತವಾದದ್ದು. ಮೂರು ಹೊತ್ತಿನ ಊಟದ ಬಳಿಕ 15 ನಿಮಿಷ ನಡೆಯುವುದು ರಾತ್ರಿಯೂಟದ ನಂತರ ಏರುವ ಸಕ್ಕರೆಯನ್ನು ಚೆನ್ನಾಗಿ ತಗ್ಗಿಸಿತು, ಒಂದೇ ಸಲ 45 ನಿಮಿಷ ನಡೆದದ್ದಕ್ಕಿಂತಲೂ ಚೆನ್ನಾಗಿ. ನಮ್ಮಲ್ಲಿ ರಾತ್ರಿಯೂಟ ತಡವಾಗಿ, ಭಾರಿಯಾಗಿ ಆಗುತ್ತದೆ. ಉಂಡವರು ಕೈತೊಳೆದು ನೇರ ಹಾಸಿಗೆಗೆ. ಮದುವೆಯ ಬಿರಿಯಾನಿಯ ರಾತ್ರಿಯಂತೂ ಕೇಳುವುದೇ ಬೇಡ. ಇಶಾ ನಮಾಝಿಗೆ ಮೊದಲೇ ಉಂಡು, ಮಸೀದಿಗೆ ನಡೆದು ಹೋಗಿ ನಡೆದು ಬಂದರೆ ಗಂಡಸರ ಪಾಲಿನ ಹದಿನೈದು ನಿಮಿಷ ಬೇರೆ ಸಮಯ ಕೇಳದೆ ಮುಗಿಯುತ್ತದೆ. ಆದರೆ ಮಸೀದಿಯ ಮುಂದೆ ಈಗ ಚಪ್ಪಲಿಗಳಿಗಿಂತ ಬೈಕುಗಳ ಸಾಲು ಉದ್ದ. ಐನೂರು ಹೆಜ್ಜೆ ದೂರದ ಮಸೀದಿಗೆ ಸ್ಕೂಟರು ಹತ್ತುವ ಯುವಕ, ಸಂಜೆ ಹಣ ಕೊಟ್ಟು ಜಿಮ್ಮಿನಲ್ಲಿ ಓಡುವ ಪಟ್ಟಿಯ ಮೇಲೆ ನಡೆಯುತ್ತಾನೆ. ನನಗೆ ಇದು ಅರ್ಥವಾಗಿಲ್ಲ.

ಇಷ್ಟೆಲ್ಲ ದೇಹದ ಮಾತಾಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ತಲೆಯ ಮಾತು.

"ನಡೆಯುತ್ತಿದ್ದೆ, ಥಟ್ಟನೆ ಹೊಳೆಯಿತು" ಎಂದು ನಾವು ಎಷ್ಟೋ ಸಲ ಹೇಳುತ್ತೇವೆ. ಈ ಹೊಳೆಯುವುದನ್ನು 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮ್ಯಾರಿಲಿ ಒಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಸ್ ಎಂಬ ಇಬ್ಬರು ಅಳೆದು ನೋಡಿದರು. ದಿನಬಳಕೆಯ ಒಂದು ವಸ್ತುವಿನ ಹೆಸರು ಹೇಳಿ, ಇದನ್ನು ಇನ್ನು ಯಾವ ಯಾವ ಕೆಲಸಕ್ಕೆ ಬಳಸಬಹುದು ಎಂದು ಕೇಳುವುದು, ಹೆಚ್ಚು ಹೊಸ ಉಪಾಯ ಯಾವಾಗ ಬರುತ್ತದೆ ಎಂದು ಎಣಿಸುವುದು. ಹಳೆಯ ಟೈರು ಎಂದುಕೊಳ್ಳಿ. ಉಯ್ಯಾಲೆ, ಹೂವಿನ ಕುಂಡ, ಬಾವಿಯ ಕಟ್ಟೆಗೆ ಒರಗು, ಮಗುವಿಗೆ ಉರುಳಿಸುವ ಆಟಿಕೆ, ಹೀಗೆ. ಅದೇ ಜನ ಕೂತಾಗ ಹೇಳಿದ ಉಪಾಯಗಳಿಗಿಂತ ನಡೆಯುವಾಗ ಹೇಳಿದ ಉಪಾಯಗಳು ಸರಾಸರಿ ಶೇಕಡಾ 60ರಷ್ಟು ಹೆಚ್ಚಾದವು. ನಡೆದು ಬಂದು ಕೂತ ಮೇಲೂ ಆ ಚುರುಕು ಸ್ವಲ್ಪ ಹೊತ್ತು ಉಳಿಯಿತು. ಎಲ್ಲಕ್ಕಿಂತ ಸೋಜಿಗದ ಸಂಗತಿ, ಬಯಲಿನಲ್ಲಿ ಅಲ್ಲ, ಕೋಣೆಯೊಳಗೆ ಬೋಳು ಗೋಡೆಗೆ ಮುಖಮಾಡಿ ಯಂತ್ರದ ಮೇಲೆ ನಡೆದವರಿಗೂ ಹೀಗೆಯೇ ಆಯಿತು. ಕಾಡು, ಹೂವು, ತಂಗಾಳಿ ಇದ್ದರೆ ಸಂತೋಷ. ಹೊಳೆಯಿಸುವ ಕೆಲಸವನ್ನು ಮಾಡುವುದು ಮಾತ್ರ ಹೆಜ್ಜೆ.

ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು, ಅದನ್ನು ಮುಚ್ಚಿಡಬಾರದು. ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಿಗೆ ನಡಿಗೆ ನೆರವಾಗಲಿಲ್ಲ, ನಡೆಯುವವರು ಸ್ವಲ್ಪ ಹಿಂದೆಯೇ ಬಿದ್ದರು. ಅಂಗಡಿಯ ಲೆಕ್ಕ ಹೊಂದಿಸುವುದಿದ್ದರೆ ಕುರ್ಚಿಯಲ್ಲೇ ಕೂತುಕೊಳ್ಳಿ. ಅಂಗಡಿಗೆ ಹೊಸದಾಗಿ ಏನು ತರಬೇಕು ಎಂಬುದನ್ನು ನಡೆಯುತ್ತ ಯೋಚಿಸಿ.

"ನಾವೇನು ಕವಿಗಳೇ, ಕಥೆಗಾರರೇ, ನಮಗೇಕೆ ಈ ಸೃಜನಶೀಲತೆ?" ಎಂದು ಕೇಳಬೇಡಿ. ಹಳಿಯಾಳ ತಾಲೂಕಿನ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವುದಿಯನ್ನು ನೋಡಿದ್ದೀರಾ? ಆ ಸಿದ್ದಿಗಳಲ್ಲಿ ನಮ್ಮ ದೀನಿನವರೂ ಬಹಳ ಇದ್ದಾರೆ. ಹಳೆಯ ಸೀರೆ, ಲುಂಗಿ, ಮಗನ ಅಂಗಿ, ಏನು ಸಿಕ್ಕಿತೋ ಅದರ ತುಂಡುಗಳು. ನಕ್ಷೆಯಿಲ್ಲ, ಅಳತೆಯ ಪಟ್ಟಿಯಿಲ್ಲ. ಅಂಚಿನಿಂದ ಹೊಲಿಯುತ್ತ ಒಳಗೆ ಬರುತ್ತಾರೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಕೈಯೇ ನಿರ್ಧರಿಸುತ್ತದೆ, ಮೂಲೆಗಳಿಗೆ ಕೊನೆಗೆ ಹೂವಿನಂಥ ಮಡಿಕೆಯ ತುಂಡುಗಳನ್ನು ಕೂರಿಸುತ್ತಾರೆ. ದೇಶ ವಿದೇಶದ ಪ್ರದರ್ಶನಗಳಲ್ಲಿ ಇವುಗಳನ್ನು ಕಲಾಕೃತಿ ಎಂದು ತೂಗುಹಾಕಿದ್ದಾರೆ. ಮನೆಯ ಅಜ್ಜಿಯ ಮಟ್ಟಿಗೆ ಅದು ಮೊಮ್ಮಗುವಿನ ಚಳಿಗೆ ಹೊದಿಕೆ. ಸೃಜನಶೀಲತೆ ಎಂದರೆ ಇದೇ. ಉಳಿದ ಅನ್ನದಿಂದ ನಾಳೆ ಏನು ಮಾಡಬಹುದು, ಓದಿನಲ್ಲಿ ಮನಸ್ಸಿಲ್ಲದ ಮಗನಿಗೆ ಗುಣಾಕಾರವನ್ನು ಬೇರೆ ಹೇಗೆ ಹೇಳಿಕೊಡಬಹುದು, ಹೊಲಿಗೆ ಯಂತ್ರದಿಂದ ತಿಂಗಳಿಗೆ ಇನ್ನೊಂದಿಷ್ಟು ಹೇಗೆ ದುಡಿಯಬಹುದು, ಮಾತು ಬಿಟ್ಟಿರುವ ನಾದಿನಿಯ ಜೊತೆ ಮೊದಲ ಮಾತು ಯಾವುದು ಆಡಬೇಕು. ಇವುಗಳಿಗೆಲ್ಲ ಹೊಸ ದಾರಿ ಬೇಕು. ನಾಲ್ಕು ಗೋಡೆಯ ನಡುವೆ ಅದೇ ಯೋಚನೆ ಗಾಣದ ಎತ್ತಿನಂತೆ ಅದೇ ಜಾಗದಲ್ಲಿ ಸುತ್ತುತ್ತಿರುತ್ತದೆ.

ನಮ್ಮ ನಾಡಿನ ಹಿರಿಯರಿಗೆ ಇದು ಅಳೆಯದೆಯೂ ಗೊತ್ತಿತ್ತು. ಕುವೆಂಪು ಅವರು ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ನಡೆಯುತ್ತಿದ್ದರು. ಮುಂಡಗೋಡದ ಪಕ್ಕದ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫ್ ಸಾಹೇಬರು ಗುರು ಗೋವಿಂದ ಭಟ್ಟರ ಜೊತೆ ಊರೂರು ತಿರುಗಿದವರು. ಆಗ ಬಸ್ಸಿಲ್ಲ, ನಡಿಗೆ, ಇಲ್ಲವೆ ಗಾಡಿ. ಸೋರುವ ಮನೆ, ಸೇದುವ ಹುಕ್ಕಾ, ಹಳ್ಳಿಯ ದಾರಿಯಲ್ಲಿ ಕಣ್ಣಿಗೆ ಬೀಳುವ ಇಂಥವೇ ಅವರ ಪದಗಳಾದವು. ಸಾರೋಟಿನ ಪರದೆ ಇಳಿಸಿಕೊಂಡು ಹೋಗುವವನಿಗೆ ಅವು ಕಾಣುತ್ತಿರಲಿಲ್ಲ.

ಮನಸ್ಸಿನ ಭಾರದ ಬಗ್ಗೆ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಮಾತಾಡುವುದು ಕಡಿಮೆ. "ಏನೋ ತಲೆ ಭಾರ", "ಎದೆ ಡಬಡಬ ಅಂತದೆ", "ಸುಮ್ಮಸುಮ್ಮನೆ ಅಳು ಬರ್ತದೆ" ಎನ್ನುವ ಸೊಸೆಗೆ ಒಂದು ಗುಳಿಗೆ, ಹೆಚ್ಚೆಂದರೆ ಒಂದು ತಾವೀಜು. ಗಂಡ ದುಬೈಯಲ್ಲೋ ರಿಯಾದಿನಲ್ಲೋ ಇರುತ್ತಾನೆ, ಅಥವಾ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿರುತ್ತಾನೆ. ಮಗುವನ್ನು ಸದ್ದು ಮಾಡದಂತೆ ಸುಮ್ಮನಿರಿಸುವುದೇ ಆಕೆಯ ದಿನವಾಗುತ್ತದೆ. ನಿಯಮಿತ ನಡಿಗೆ ಸೌಮ್ಯವಾದ ಖಿನ್ನತೆಯನ್ನು, ಆತಂಕವನ್ನು ತಗ್ಗಿಸುತ್ತದೆ, ನಿದ್ದೆಯನ್ನು ಹದಗೊಳಿಸುತ್ತದೆ ಎಂಬುದನ್ನು ವೈದ್ಯಲೋಕ ಒಪ್ಪಿದೆ. ಅದು ಔಷಧಕ್ಕೆ ಬದಲಿಯಲ್ಲ. ತಿಂಗಳುಗಟ್ಟಲೆ ದುಃಖ ಇಳಿಯದಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಲೇಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅಷ್ಟು ದೂರ ಹೋಗುವ ಮೊದಲು ದಿನಕ್ಕೆ ಅರ್ಧ ಗಂಟೆ ಬಾಗಿಲು ತೆರೆದಿದ್ದರೆ ಎಷ್ಟು ಚೆನ್ನ.

ವಯಸ್ಸಾದವರ ಮರೆವಿಗೂ ಇದರ ನಂಟಿದೆ. ಮಿದುಳಿನಲ್ಲಿ ನೆನಪನ್ನು ಕಾಯುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮುಪ್ಪಿನಲ್ಲಿ ಕುಗ್ಗುತ್ತ ಹೋಗುತ್ತದೆ. 2011ರ ಒಂದು ಅಧ್ಯಯನದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ 40 ನಿಮಿಷದ ನಡಿಗೆ ಮಾಡಿಸಿದರು. ವರ್ಷ ಮುಗಿದಾಗ ನಡೆದವರ ಆ ಭಾಗ ಕುಗ್ಗುವ ಬದಲು ಶೇಕಡಾ 2ರಷ್ಟು ಹಿಗ್ಗಿತ್ತು.

ಇನ್ನು ದೊಡ್ಡ ಅಡ್ಡಿಗೆ ಬರೋಣ. "ಜನ ಏನಂತಾರೆ?"

ಹೆಂಗಸು ಸಂತೆಗೆ ಹೋದರೆ ಯಾರೂ ಕೇಳುವುದಿಲ್ಲ, ಆಸ್ಪತ್ರೆಗೆ ಹೋದರೆ ಕೇಳುವುದಿಲ್ಲ, ಮಗುವನ್ನು ಶಾಲೆಗೆ ಬಿಡಲು ಹೋದರೆ ಕೇಳುವುದಿಲ್ಲ. ಕೈಯಲ್ಲಿ ಚೀಲವಿಲ್ಲದೆ, ಮಗ್ಗುಲಲ್ಲಿ ಮಗುವಿಲ್ಲದೆ ನಡೆದರೆ ಮಾತ್ರ "ಎಲ್ಲಿಗೆ ಹೊರಟೆ?" ಎಂಬ ಪ್ರಶ್ನೆ ಏಳುತ್ತದೆ. ತನಗಾಗಿ ನಡೆಯುವುದು ಮಾತ್ರ ತಪ್ಪಾಗಿ ಕಾಣುತ್ತದೆ. ಇದು ದೀನಿನಿಂದ ಬಂದದ್ದಲ್ಲ. ಹಝ್ರತ್ ಆಯಿಶಾ(ರ) ಅವರ ಜೊತೆ ಪ್ರವಾದಿವರ್ಯರು(ಸ) ಓಟದ ಪಂದ್ಯ ಮಾಡಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಮೊದಲ ಸಲ ಆಯಿಶಾ ಗೆದ್ದರು, ವರ್ಷಗಳ ನಂತರ ಮೈ ಬಂದಾಗ ಸೋತರು, ಪ್ರವಾದಿವರ್ಯರು ನಕ್ಕು ಅದಕ್ಕಿದು ಸಾಟಿಯಾಯಿತು ಎಂದರು. ಪ್ರವಚನಗಳಲ್ಲಿ ಈ ಪ್ರಸಂಗವನ್ನು ದಾಂಪತ್ಯದ ಸವಿಯೆಂದು ಹೇಳಿ ಮುಂದೆ ಸಾಗುತ್ತೇವೆ. ಹೆಂಡತಿಯ ಜೊತೆ ಬೀದಿಯ ತುದಿಯವರೆಗೆ ನಡೆದ ಗಂಡಂದಿರು ಎಷ್ಟು ಜನ? ಹಜ್ಜ್‌ಗೆ ಹೋದ ಪ್ರತಿಯೊಬ್ಬರೂ ಸಫಾ ಮರ್ವಾಗಳ ನಡುವೆ ಏಳು ಸಲ ನಡೆಯುತ್ತಾರೆ, ಒಟ್ಟು ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅದು ಒಬ್ಬ ತಾಯಿಯ, ಹಾಜಿರಾ(ಅ) ಅವರ ಹೆಜ್ಜೆಯ ನೆನಪು. ಹಜ್ಜ್ ತರಬೇತಿ ಶಿಬಿರಗಳಲ್ಲಿ "ಈಗಿನಿಂದಲೇ ನಡಿಗೆ ಅಭ್ಯಾಸ ಮಾಡಿ" ಎಂದು ಹೇಳುವುದುಂಟು. ಇಪ್ಪತ್ತು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಹೊರಟವರಿಗೆ ಆ ಮಾತು ಅರವತ್ತನೆಯ ವಯಸ್ಸಿನಲ್ಲಿ, ಮೊಣಕಾಲು ಸವೆದ ಮೇಲೆ ಕಿವಿಗೆ ಬೀಳುತ್ತದೆ.

ಇನ್ನೂ ಒಂದು. ನಮ್ಮದೇ ಜಿಲ್ಲೆಯ ಹೊನ್ನಾವರಕ್ಕೆ 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾನೆ. ಆ ಹದಿಮೂರು ಶಾಲೆಗಳಿಗೆ ಹುಡುಗಿಯರು ಹೇಗೆ ಹೋಗಿದ್ದಾರು? ಆಟೋ ಇರಲಿಲ್ಲವಲ್ಲ!

ಮುಂಡಗೋಡದ ಟಿಬೆಟನ್ ಕ್ಯಾಂಪುಗಳನ್ನು ನೋಡಿದವರಿಗೆ ಅಲ್ಲಿನ ಮುದುಕಿಯರು ಕೈಯಲ್ಲಿ ಜಪಮಣಿ ಹಿಡಿದು ಸುತ್ತು ಹಾಕುವುದು ಗೊತ್ತು. ಅವರನ್ನು ಎಲ್ಲಿಗೆ ಎಂದು ಕೇಳುವವರಿಲ್ಲ. ಒಂದು ಸಮುದಾಯದಲ್ಲಿ ನಾಲ್ಕು ಜನ ನಡೆದರೆ ಐದನೆಯವರನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಒಬ್ಬರೇ ಹೊರಡಬೇಡಿ. ಅಕ್ಕಪಕ್ಕದ ಇಬ್ಬರು ಮೂವರು ಸೇರಿ, ಒಬ್ಬ ಹಿರಿಯ ಖಾಲಾ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬೀದಿ ಒಂದು ವಾರ ನೋಡುತ್ತದೆ, ಎರಡನೆಯ ವಾರ ಸಲಾಮ್ ಹೇಳುತ್ತದೆ, ಮೂರನೆಯ ವಾರ ಮರೆತುಬಿಡುತ್ತದೆ. ಜೊತೆಗಾರರಿದ್ದರೆ ಬೇಸರವಿಲ್ಲ ನಿಜ. ಆದರೆ ಇಡೀ ಅರ್ಧ ಗಂಟೆ ಪರರ ಮನೆಯ ಸುದ್ದಿಗೇ ಹೋದರೆ ಮೇಲೆ ಹೇಳಿದ ಹೊಳೆಯುವಿಕೆಗೆ ಜಾಗವೆಲ್ಲಿ? ಕೊನೆಯ ಹತ್ತು ನಿಮಿಷ ಮಾತು ನಿಲ್ಲಿಸಿ ನಡೆದು ನೋಡಿ. ಮೊಬೈಲು ಚೀಲದಲ್ಲಿರಲಿ, ಕಿವಿಗೆ ಇಯರ್‌ಫೋನ್ ಬೇಡ. ಹಿಂದಿನಿಂದ ಬರುವ ಲಾರಿಯ ಸದ್ದಾದರೂ ಕೇಳಬೇಕು.

ನಮ್ಮ ಸೀಮೆಯಲ್ಲಿ ನಡೆಯಲು ನಮ್ಮದೇ ಎಚ್ಚರಗಳು ಬೇಕು. ಕಾಡಂಚಿನ ದಾರಿಯಲ್ಲಿ ಪೂರ್ತಿ ಬೆಳಕು ಹರಿಯುವ ಮೊದಲು, ಮಗ್ರಿಬ್ ನಂತರ ನಡೆಯಬೇಡಿ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆ. ಚಿರತೆ, ಕರಡಿ, ಕಾಡುಕೋಣಗಳಿಗೆ ನಮ್ಮ ವಾಕಿಂಗಿನ ವೇಳಾಪಟ್ಟಿ ಗೊತ್ತಿರುವುದಿಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆ ಎಷ್ಟೇ ಕರೆದರೂ ನೀರಿನ ಅಂಚಿಗೆ ಇಳಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಅಲ್ಲಿ ಮೊಸಳೆಗಳಿವೆ. ಊರೊಳಗಿನ ಜನ ಓಡಾಡುವ ರಸ್ತೆಯೇ ಸಾಕು, ವಾಹನಗಳಿಗೆ ಎದುರಾಗಿ ಬಲಬದಿಯಲ್ಲಿ ನಡೆದರೆ ಬರುವುದು ಕಾಣುತ್ತದೆ.

ಮಳೆಗಾಲ ಇನ್ನೊಂದು ತೊಡಕು. ಜೋಯಿಡಾದವರಿಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಡೆಯಿರಿ ಎಂದರೆ ನಗುತ್ತಾರೆ, ನಗಬೇಕಾದದ್ದೇ. ಆ ನಾಲ್ಕು ತಿಂಗಳಿಗೆ ಸ್ಟ್ಯಾನ್‌ಫರ್ಡಿನ ಬೋಳು ಗೋಡೆಯನ್ನು ನೆನಪಿಸಿಕೊಳ್ಳಿ. ಪಡಸಾಲೆಯಲ್ಲಿ, ತಗಡಿನ ಮಾಡಿರುವ ತಾರಸಿಯಲ್ಲಿ, ಶಾದಿ ಮಹಲಿನ ಖಾಲಿ ಹಾಲಿನಲ್ಲಿ ಹಿಂದುಮುಂದು ನಡೆದರೂ ನಡಿಗೆಯೇ.

ಉಡುಪಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಇದನ್ನು ಬರೆಯುವವರು ಕಡಿಮೆ. ಮಾರುಕಟ್ಟೆಯ ಹೊಳಪಿನ ಕಪ್ಪು ಬುರ್ಖಾಗಳು ಹೆಚ್ಚಿನವು ಪಾಲಿಯೆಸ್ಟರಿನವು. ಬೆವರು ಹೀರುವುದಿಲ್ಲ, ಶಾಖ ಬಿಡುವುದಿಲ್ಲ. ನಡಿಗೆಗೆಂದೇ ಹತ್ತಿಯ, ತೆಳು ಬಣ್ಣದ, ಸಡಿಲವಾದ ಒಂದನ್ನು ಹೊಲಿಸಿಕೊಳ್ಳಿ. ಅಂಚು ನೆಲಕ್ಕೆ ತಾಗದಿರಲಿ, ಎಡವಿ ಬೀಳುವುದಕ್ಕೂ ಬೀದಿಯ ಕೊಳೆ ಮನೆಗೆ ಬರುವುದಕ್ಕೂ ಅದೇ ಕಾರಣ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಅಥವಾ ಪಟ್ಟಿಯ ಸ್ಯಾಂಡಲ್ ಇರಲಿ. ನಡೆದು ಬಂದ ಮೇಲೆ ಬೆವರಿದ ಬಟ್ಟೆಯಲ್ಲೇ ಅಡುಗೆಮನೆಗೆ ಹೋಗುವ ಅಭ್ಯಾಸ ನಮ್ಮಲ್ಲಿದೆ. ನಮ್ಮ ಕಡೆಯ ತೇವದ ಹವೆಯಲ್ಲಿ ತೊಡೆಸಂದಿಯಲ್ಲಿ, ಎದೆಯ ಕೆಳಗೆ ಗಜಕರ್ಣ ಏಳುವುದಕ್ಕೆ ಅದು ಸಾಕು. ಮೈ ತೊಳೆದು, ಒರೆಸಿ ಒಣಗಿಸಿ, ಒಣಗಿದ ಹತ್ತಿಯ ಒಳಉಡುಪು ಹಾಕಿಕೊಳ್ಳಿ. ಕಾಲುಚೀಲ, ಮುಖದ ನಖಾಬ್ ದಿನಾ ಒಗೆಯಬೇಕು. ಮನೆಯ ಅಂಗಳಕ್ಕೋ ತಾರಸಿಗೋ ಮರೆಯಿದ್ದರೆ ಬೆಳಗಿನ ಬಿಸಿಲಿನಲ್ಲಿ ತೋಳು, ಮುಖಕ್ಕೆ ಸ್ವಲ್ಪ ಹೊತ್ತು ಬೆಳಕು ಬೀಳಲಿ. ಮನೆಯೊಳಗೇ ಇರುವ, ಹೊರಗೆ ಪೂರ್ತಿ ಮುಚ್ಚಿಕೊಳ್ಳುವ ಹೆಂಗಸರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಮೂಳೆ ನೋವು, ಸುಸ್ತು ಬಹುಕಾಲ ಇದ್ದರೆ ವೈದ್ಯರಲ್ಲಿ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ.

ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಿರಿ ಎಂಬ ವಾಟ್ಸಾಪ್ ಸಲಹೆಯನ್ನು ನಂಬಬೇಡಿ. ಪಾದದ ಸ್ಪರ್ಶ ಮಂದವಾಗಿರುವವರಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ತಿಳಿಯುವಷ್ಟರಲ್ಲಿ ಗಾಯ ಕೊಳೆತಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಎರಡು ಖರ್ಜೂರವೋ ಸಕ್ಕರೆಯ ತುಂಡೋ ಇರಲಿ. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ ಅಲ್ಲೇ ನಿಂತು ಕೂತುಕೊಳ್ಳಿ, ಜೊತೆಯವರನ್ನು ಕರೆದು ಅಂದೇ ಆಸ್ಪತ್ರೆಗೆ ಹೋಗಿ. ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ರಮಝಾನಿನಲ್ಲಿ ಉಪವಾಸದ ಮಧ್ಯಾಹ್ನ ನಡೆಯುವ ಹಟ ಬೇಡ, ಇಫ್ತಾರ್ ಆದ ಮೇಲೆ ನಡೆಯಬಹುದು.

ಇನ್ನು ಗಂಡಸರಿಗೆ. ಮನೆಯ ಹೆಂಗಸಿಗೆ "ಬೇಕಾದರೆ ಹೋಗು" ಎಂದು ಅನುಮತಿ ಕೊಟ್ಟರೆ ಮುಗಿಯಲಿಲ್ಲ. ಆಕೆ ಹೊರಗಿರುವ ಅರ್ಧ ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಒಲೆಯ ಮೇಲಿನ ಚಹಾ ಯಾರು ಇಳಿಸುತ್ತಾರೆ? ಹಿಂದಿರುಗಿದಾಗ ಮಗು ಅಳುತ್ತ, ಅತ್ತೆ ಮುಖ ಊದಿಸಿಕೊಂಡು, ಪಾತ್ರೆ ಹಾಗೇ ಬಿದ್ದಿದ್ದರೆ ಮರುದಿನ ಆಕೆ ಹೋಗುವುದಿಲ್ಲ. ಬಾಗಿಲು ತೆರೆದಿಟ್ಟೇ ಮುಚ್ಚುವ ಬಗೆ ಇದು. ಬೆಳಗಿನ ಆ ಅರ್ಧ ಗಂಟೆ ಮಗುವನ್ನು ಎತ್ತಿಕೊಂಡಿರಿ, ಅಥವಾ ಮಗುವನ್ನೂ ಎತ್ತಿಕೊಂಡು ಜೊತೆಗೆ ನಡೆಯಿರಿ. ಪ್ರವಾದಿವರ್ಯರು(ಸ) ಈದ್ ನಮಾಝಿಗೆ ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳುತ್ತಿದ್ದರು. ನೀವೂ ದಾರಿ ಬದಲಿಸಿ ನೋಡಿ. ಮೂವತ್ತು ವರ್ಷದಿಂದ ವಾಸವಿರುವ ಊರಿನಲ್ಲೇ ಹೆಂಡತಿಗೆ ಗೊತ್ತಿಲ್ಲದ ಬೀದಿ ಎಷ್ಟಿವೆ ಎಂಬುದು ಆಗ ತಿಳಿಯುತ್ತದೆ.

ಜಮಾಅತಿನ ಹಿರಿಯರಲ್ಲಿ ಒಂದು ಕೋರಿಕೆ ಉಳಿದಿದೆ. ನಮ್ಮ ಊರುಗಳಲ್ಲಿ ಈದ್‌ಗಾಹ್ ಮೈದಾನಗಳಿವೆ, ಉರ್ದು ಶಾಲೆಗಳ ಅಂಗಳಗಳಿವೆ, ಶಾದಿ ಮಹಲ್‌ಗಳಿವೆ. ಎಷ್ಟೋ ಈದ್‌ಗಾಹ್ ವರ್ಷಕ್ಕೆ ಎರಡು ದಿನ ಬಿಟ್ಟರೆ ಖಾಲಿ, ಶಾಲೆಯ ಅಂಗಳ ಬೆಳಗ್ಗೆ ಎಂಟರವರೆಗೆ ಖಾಲಿ. ಕಾಂಪೌಂಡ್ ಗೋಡೆ ಇದೆ, ಗೇಟಿದೆ, ಬೀಗವಿದೆ. ಫಜ್ರ್ ನಂತರ ಬೆಳಕಾದ ಮೇಲೆ ಒಂದು ಗಂಟೆ ಆ ಗೇಟನ್ನು ಹೆಂಗಸರಿಗೆಂದು ತೆರೆಯಲು ಹಣ ಬೇಡ, ಕಟ್ಟಡ ಬೇಡ. ಮುಂದಿನ ಮೀಟಿಂಗಿನಲ್ಲಿ ಈ ವಿಷಯವನ್ನು ಎತ್ತಿ. ಬೀಗದ ಕೈಯನ್ನು ಆ ಬೀದಿಯ ಹಿರಿಯ ಖಾಲಾ ಒಬ್ಬರ ಮನೆಯಲ್ಲಿ ಇಡಿ, ಎಂಟು ಗಂಟೆಗೆ ಅವರೇ ಹಾಕಿಕೊಂಡು ಹೋಗಲಿ.